ಒಂದೇ ಸಾಲಿನ ಮಳೆ ಲೆಕ್ಕ

ಮಳೆ ಕೊರತೆಯ ಸುದ್ದಿಗೆ ನಾವು ‘ಆರ್’ ಎಂಬ ಕಂಪ್ಯೂಟರ್ ಭಾಷೆ ಬಳಸುತ್ತೇವೆ. ಮೊದಲ ಸಲ ನಂಜನಗೂಡಿನ 5 ಹೋಬಳಿಗೆ ಲೂಪ್ ಬರೆದಿದ್ದೆವು: ಬಿಳಿಗೆರೆ ಮುಗಿದ ಮೇಲೆ ಹುಲ್ಲಹಳ್ಳಿ, ಹೀಗೆ ಒಂದೊಂದೇ ಲೆಕ್ಕ. ಮುಂದಿನ ಸಲ ತಿ. ನರಸೀಪುರದ 5 ಹೋಬಳಿಯನ್ನೂ ಸೇರಿಸಿ, ಲೂಪ್ ತೆಗೆದು ಒಂದೇ ಸಾಲು ಬರೆದೆವು: ಬಿದ್ದ ಮಳೆಯಲ್ಲಿ ವಾಡಿಕೆ ಮಳೆ ಕಳೆ. ಇಡೀ ಪಟ್ಟಿಯ ಉತ್ತರ ಒಟ್ಟಿಗೇ ಬಂತು. ಖುಷಿಯಾಯಿತು.

ಆದರೆ ತಲಕಾಡಿನ ಅಂಕಿ ನೋಡಿ ಅನುಮಾನ ಬಂತು. ವಾಡಿಕೆ ಮಳೆಯ ಪಟ್ಟಿಯಲ್ಲಿ ಇನ್ನೂ ನಂಜನಗೂಡಿನ 5 ಅಂಕಿಗಳಷ್ಟೇ ಇದ್ದವು! ಪಟ್ಟಿ ಸಾಲದಿದ್ದರೆ ಆರ್ ಅದನ್ನೇ ಮತ್ತೆ ಮೊದಲಿನಿಂದ ಬಳಸುತ್ತದೆ. 10 ಎಂಬುದು 5ರ ಎರಡರಷ್ಟಾದ್ದರಿಂದ ಎಚ್ಚರಿಕೆಯನ್ನೂ ಕೊಡಲಿಲ್ಲ. ಹಾಗೇ ಹಾಕಿದ್ದರೆ ಸೋಸಲೆಯ ರೈತರು ನಂಜನಗೂಡಿನ ವಾಡಿಕೆ ಮಳೆ ನಂಬಬೇಕಿತ್ತು.

ಈಗಲೂ ಒಂದೇ ಸಾಲು ಬರೆಯುತ್ತೇವೆ. ಅದಕ್ಕೆ ಮೊದಲು ಎರಡೂ ಪಟ್ಟಿ ಎಣಿಸುತ್ತೇವೆ.