ಹುಲ್ಲಿನಡಿಯ ಸಾಕ್ಷಿಗಳು

ಅಮೆರಿಕದ ಮೊಂಟಾನಾ ಪ್ರಾಂತ್ಯದಲ್ಲಿ, ಲಿಟ್ಲ್ ಬಿಗ್‌ಹಾರ್ನ್ ನದಿಯ ಮೇಲಣ ದಿಬ್ಬಗಳಲ್ಲಿ, ಅಮೃತಶಿಲೆಯ ಬಿಳಿಗಲ್ಲುಗಳು ಚೆದರಿ ನಿಂತಿವೆ. 1876ರ ಜೂನ್ 25ರಂದು ಕಸ್ಟರನೂ ಅವನೊಡನಿದ್ದ ಇನ್ನೂರಕ್ಕೂ ಮಿಕ್ಕ ಸೈನಿಕರೂ ಇಲ್ಲಿಯೇ ಮಡಿದರು. ಅವರ ಕಡೆಯಲ್ಲಿ ಕಥೆ ಹೇಳಲು ಒಬ್ಬನೂ ಉಳಿಯಲಿಲ್ಲ. ಗೆದ್ದ ಲಕೋಟ, ಷೆಯೆನ್ ಯೋಧರು ಹೇಳಿದುದನ್ನು ಬಹುಮಂದಿ ನಂಬಲಿಲ್ಲ.

1983ರಲ್ಲಿ ಕಾಳ್ಗಿಚ್ಚು ಹುಲ್ಲನ್ನು ಸುಟ್ಟು ನೆಲವನ್ನು ಬಯಲುಮಾಡಿತು. ಮರುವರ್ಷ ಪುರಾತತ್ತ್ವಜ್ಞರು ಲೋಹಶೋಧಕಗಳೊಡನೆ ಬಂದು, ಸಿಕ್ಕ ಗುಂಡು, ಖಾಲಿ ತೋಟಾಗಳನ್ನು ಬಿದ್ದಲ್ಲೇ ಗುರುತಿಸಿದರು. ಗಾತ್ರ ಅಳೆದರೆ ಬಂದೂಕದ ಕಾಲವೂ ಜಾತಿಯೂ ತಿಳಿಯುತ್ತದೆ: ದಂಡಿನವರದು ಸಲಕ್ಕೊಂದೇ ಗುಂಡು ತುಂಬುವ 1873ರ ಸ್ಪ್ರಿಂಗ್‌ಫೀಲ್ಡ್, ಎದುರಾಳಿಗಳಲ್ಲಿ ಅನೇಕರದು ಒಮ್ಮೆ ತುಂಬಿ ಹಲವು ಸಲ ಹಾರಿಸುವ ಹೆನ್ರಿ, ವಿಂಚೆಸ್ಟರ್. ತೋಟಾದ ಬೆನ್ನಿಗೆ ಬಡಿದ ಮೊಳೆಯ ಗುರುತಂತೂ ಒಂದೊಂದು ಬಂದೂಕಕ್ಕೂ ಬೇರೆ. ಒಂದೇ ಗುರುತಿನವನ್ನು ಹುಡುಕುತ್ತ ಹೋದರೆ ಒಬ್ಬನೇ ಬಂದೂಕುಗಾರ ನಡೆದ ಜಾಡು ಕಾಣುತ್ತದೆ. ಆ ಜಾಡುಗಳಲ್ಲಿ ದಂಡಿನ ಸಾಲು ಬಲುಬೇಗ ಮುರಿದುದು ಕಂಡಿತು. ಯೋಧರಲ್ಲಿ ಹಲವರು ಹೇಳಿದ್ದುದೂ ಅದನ್ನೇ.