ಎಂಜಿನ್‌ಗೆ ಪುಸ್ತಕ ನೋಡಿ, ಚೈನಿಗೆ ದಾರಿ ನೋಡಿ

ನಮ್ಮ ಮನೆಗಳಿಗೆ ಹೊಸ ಬೈಕ್ ಬಂದರೆ ಸಲಹೆ ಕೊಡುವವರಿಗೆ ಬರವಿಲ್ಲ. ಜುಮಾ ಮುಗಿಸಿ ಹೊರಗೆ ಬರುವಾಗ ಒಬ್ಬರು, ಮದುವೆ ಮನೆಯಲ್ಲಿ ಇನ್ನೊಬ್ಬರು, ಗಲ್ಫ್‌ನಿಂದ ವಾಟ್ಸಾಪ್‌ನಲ್ಲಿ ಮತ್ತೊಬ್ಬರು. ಒಬ್ಬರು ಹೇಳುವ ಆಯಿಲ್ ಇನ್ನೊಬ್ಬರಿಗೆ ಆಗುವುದಿಲ್ಲ. ಬೈಕಿನ ಜೊತೆ ಕಂಪೆನಿ ಕೊಟ್ಟ ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬರುವುದೇ ಇಲ್ಲ. ಕಳೆದ ವರ್ಷ ನನ್ನ ತಂಗಿಯ ಮಗ ಬೈಕ್ ತೆಗೆದುಕೊಂಡಾಗಲೂ ಹೀಗೇ ಆಯಿತು. ಆಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಓದಿ, ಗೊತ್ತಿದ್ದ ಮೆಕ್ಯಾನಿಕ್‌ಗಳನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಬೈಕ್ ಓಡಿಸುವ ಮಕ್ಕಳಿರುವ ಎಲ್ಲರಿಗೂ ಉಪಯೋಗ ಆದೀತು.

ನಾನು ಬಂಟ್ವಾಳ ಕಡೆಯವನು. ತರಕಾರಿ ವ್ಯಾಪಾರಕ್ಕೆಂದು ತಾಳವಾಡಿಗೆ ಬಂದು ಹನ್ನೊಂದು ವರ್ಷ ಆಯಿತು. ತಾಳವಾಡಿ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಾಗುವುದಿಲ್ಲ, ಡಾ. ರಾಜ್‌ಕುಮಾರ್ ಅವರ ಗಾಜನೂರು ಎಂದರೆ ಗೊತ್ತಾಗುತ್ತದೆ. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಆ ಊರಿನ ಮನೆಯಿಂದಲೇ. ಸೀಮೆ ತಮಿಳುನಾಡಿನ ಈರೋಡ್ ಜಿಲ್ಲೆಯದು, ಜನರ ಮಾತು ಹೆಚ್ಚಾಗಿ ಕನ್ನಡ. ಜಿಲ್ಲಾ ಕಚೇರಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ದಿಂಬಂ ಘಾಟಿ ಇಳಿದು ಹೋಗಬೇಕು. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. ಟೊಮೆಟೊ, ಎಲೆಕೋಸು, ಬೀಟ್‌ರೂಟ್, ಬಾಳೆ ಬೆಳೆಯುವ ಹೊಲಗಳಿಗೆ ಹೋಗಿ, ಬೆಳೆ ನೋಡಿ, ದರ ಮಾತಾಡುವುದು ನಮ್ಮ ಕೆಲಸ. ಬೈಕ್ ಇಲ್ಲದೆ ಅದು ನಡೆಯುವುದಿಲ್ಲ.

ಅಳಿಯನಿಗೆ ಬಾಪ ಇಲ್ಲ. ನನ್ನ ಜೊತೆ ವ್ಯಾಪಾರ ಕಲಿಯಲು ಬಂದವನು. ಬೈಕಿನ ಮುಂಗಡಕ್ಕೆ ಅವನ ಉಮ್ಮ ತನ್ನ ಎರಡು ಬಳೆ ಅಡವಿಟ್ಟಳು, ಉಳಿದದ್ದು ತಿಂಗಳ ಕಂತು. ಬೈಕ್ ಬಂದ ದಿನ ಫೋನ್ ಮಾಡಿ, "ಕಾಕ, ಬೈಕ್ ಬೇಡ ಎಂದೆ, ಅವನು ಕೇಳಲಿಲ್ಲ. ಇನ್ನು ಅವನೂ ಬೈಕೂ ಸರಿ ಇರುವ ಹಾಗೆ ನೀವೇ ನೋಡಿಕೊಳ್ಳಬೇಕು" ಎಂದಳು. ಆ ಮಾತು ಕೇಳಿದ ಮೇಲೆ ಆಯಿಲ್ ವಿಷಯವೂ ನನಗೆ ಸಣ್ಣದಾಗಿ ಕಾಣಲಿಲ್ಲ.

ಹುಡುಗ ಅಷ್ಟರಲ್ಲಿ ಫೋನಿನಲ್ಲಿ ಹತ್ತಾರು ವೀಡಿಯೊ ನೋಡಿಯಾಗಿತ್ತು. "ಮಾಮ, ಫುಲ್ ಸಿಂಥೆಟಿಕ್ ಹಾಕುವ, ರೇಸ್ ಬೈಕಿನವರೆಲ್ಲ ಅದನ್ನೇ ಹಾಕುವುದು" ಎಂದ. ಒಂದು ಅಂಗಡಿಯವರು ಕಾರಿನ 5ಡಬ್ಲ್ಯೂ-40 ಆಯಿಲ್ ತೋರಿಸಿ, ಎಲ್ಲ ಒಂದೇ, ಇದು ಇನ್ನೂ ಒಳ್ಳೆಯದು ಎಂದಿದ್ದರಂತೆ. ನಾನು ಬೈಕಿನ ಪುಸ್ತಕ ತರಲು ಹೇಳಿದೆ. ಅದರಲ್ಲಿ ಒಂದೇ ಸಾಲಿನಲ್ಲಿ ಎಲ್ಲ ಇತ್ತು: 20ಡಬ್ಲ್ಯೂ-50, ಎಪಿಐ ಎಸ್‌ಎಲ್, ಜಾಸೋ ಎಂಎ.

ಈ ಮೂರನ್ನು ಬಿಡಿಸಿ ಹೇಳುತ್ತೇನೆ. ಮೊದಲನೆಯದು ಆಯಿಲ್ ಎಷ್ಟು ದಪ್ಪ ಎನ್ನುವ ಲೆಕ್ಕ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಎಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಹೇಳುತ್ತದೆ, ಮುಂದಿನ ಅಂಕಿ ಎಂಜಿನ್ ಬಿಸಿಯಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂದು. ತಾಳವಾಡಿಯಲ್ಲಿ ಡಿಸೆಂಬರಿನ ಬೆಳಿಗ್ಗೆ ಒಳ್ಳೆಯ ಚಳಿ ಇದ್ದರೂ ಹಿಮ ಬೀಳುವುದಿಲ್ಲ. ಹಾಗಾಗಿ ಚಳಿ ದೇಶದವರ ವೀಡಿಯೊ ನೋಡಿ ತೆಳು ಆಯಿಲ್ ಹುಡುಕುವ ಅಗತ್ಯ ಇಲ್ಲ. ಹಾಗೆಂದು ಎಲ್ಲ ಬೈಕಿಗೂ 20ಡಬ್ಲ್ಯೂ-50 ಹಾಕುವುದೂ ತಪ್ಪು. 10ಡಬ್ಲ್ಯೂ-30 ಕೇಳುವ ಬೈಕ್‌ಗಳೂ ಬಹಳ ಇವೆ. ಯಾವ ಎಂಜಿನ್ ಯಾವುದಕ್ಕೆ ಎಂದು ಅದನ್ನು ಮಾಡಿದವರು ಪುಸ್ತಕದಲ್ಲಿ ಬರೆದಿರುತ್ತಾರೆ.

ಎರಡನೆಯದು ಎಪಿಐ, ಅಮೆರಿಕದ ಗುಣಮಟ್ಟದ ಗುರುತು. ಎಸ್‌ಎಲ್, ಎಸ್‌ಎಂ, ಎಸ್‌ಎನ್ ಹೀಗೆ ಅಕ್ಷರ ಮುಂದೆ ಹೋದಷ್ಟೂ ಮಾನದಂಡ ಹೊಸದು. ಎಸ್‌ಎಲ್ ಕೇಳಿದಲ್ಲಿ ಎಸ್‌ಎನ್ ಸಿಕ್ಕಿದರೆ ತೊಂದರೆ ಇಲ್ಲ, ಉಳಿದ ಎರಡು ಗುರುತು ಸರಿ ಇದ್ದರೆ.

ಮೂರನೆಯದು ಜಾಸೋ, ಜಪಾನಿನವರ ಮಾನದಂಡ. ಬೈಕಿಗೆ ಇದೇ ಮುಖ್ಯ. ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್‌ಗೆ ಮಾತ್ರ. ನಮ್ಮ ಹೆಚ್ಚಿನ ಬೈಕ್‌ಗಳಲ್ಲಿ ಅದೇ ಆಯಿಲ್‌ನಲ್ಲಿ ಗೇರೂ ಕ್ಲಚ್ ಪ್ಲೇಟೂ ಮುಳುಗಿರುತ್ತವೆ. ಇಂಧನ ಉಳಿಯಲಿ ಎಂದು ಕೆಲವು ಕಾರ್ ಆಯಿಲ್‌ಗಳಿಗೆ ಹೆಚ್ಚು ಜಾರುವಂಥ ರಾಸಾಯನಿಕ ಸೇರಿಸುತ್ತಾರೆ. ಎಂಜಿನ್‌ಗೆ ಅದು ಒಳ್ಳೆಯದು, ಆದರೆ ಕ್ಲಚ್ ಜಾರತೊಡಗುತ್ತದೆ. ಎಂಎ ಅಥವಾ ಎಂಎ2 ಎಂದಿದ್ದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಆಗುತ್ತದೆ ಎಂದು ಅರ್ಥ. ಎಂಬಿ ಎಂದಿದ್ದರೆ ಅದು ಹೆಚ್ಚಾಗಿ ಗೇರಿಲ್ಲದ ಸ್ಕೂಟರಿನದು. ಮನೆಯಲ್ಲಿ ಉಮ್ಮಂದಿರ ಸ್ಕೂಟರ್‌ಗೆ ತಂದು ಉಳಿದ ಆಯಿಲನ್ನು ಮಗನ ಬೈಕಿಗೆ ಹಾಕಬಾರದು ಎನ್ನುವುದು ಇದಕ್ಕೇ.

ಕ್ಲಚ್ ಜಾರಿದರೆ ಏನಾಗುತ್ತದೆ ಎಂದು ಊರಿನ ಸಮತಟ್ಟು ರಸ್ತೆಯಲ್ಲಿ ಗೊತ್ತಾಗದು. ದಿಂಬಂನಿಂದ ಬಣ್ಣಾರಿಗೆ ಇಳಿಯುವಾಗ 27 ಹೇರ್‌ಪಿನ್ ತಿರುವುಗಳಿವೆ. ಮುಂದೆ ಸರಕು ತುಂಬಿದ ಲಾರಿ, ಹಿಂದೆ ಬಸ್ಸು. ಅಲ್ಲಿ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಬ್ರೇಕ್ ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಸಣ್ಣ ಗೇರಿನಲ್ಲಿ ಎಂಜಿನ್‌ನ ಹಿಡಿತದ ಮೇಲೆ ಇಳಿಯಬೇಕು. ಆ ಹಿಡಿತ ಚಕ್ರಕ್ಕೆ ಮುಟ್ಟುವುದು ಕ್ಲಚ್ ಮತ್ತು ಚೈನಿನ ಮೂಲಕ. ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಇಳಿಯುವ ಹುಡುಗರನ್ನು ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲೂ ನೋಡಿದ್ದೇನೆ. ಉಳಿಯುವುದು ಹತ್ತಿಪ್ಪತ್ತು ರೂಪಾಯಿ. ಹೋದರೆ ಏನು ಹೋಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ.

ಸಿಂಥೆಟಿಕ್ ವಿಷಯಕ್ಕೆ ಬರುತ್ತೇನೆ. ಅದು ಬಿಸಿಯನ್ನು ಹೆಚ್ಚು ತಾಳುತ್ತದೆ, ಬೇಗ ಕೆಡುವುದಿಲ್ಲ, ನಿಜ. ಮಿನರಲ್ ಆಯಿಲ್‌ಗಿಂತ ಬೆಲೆ ಎರಡು ಮೂರು ಪಟ್ಟೂ ಆಗಬಹುದು. ಪುಸ್ತಕ ಅದನ್ನು ಕೇಳದಿದ್ದರೆ, ಕಂತು ಕಟ್ಟುವ ಹುಡುಗನಿಗೆ ಆ ಖರ್ಚು ಬೇಡ. ಅದೇ ದುಡ್ಡಿನಲ್ಲಿ ಸರಿಯಾದ ಆಯಿಲನ್ನು ಸರಿಯಾದ ಸಮಯಕ್ಕೆ ಬದಲಿಸಬಹುದು. ಮುಖ್ಯವಾಗಿ ಮೊದಲ ಸರ್ವಿಸ್ ತಪ್ಪಿಸಬಾರದು. ಹೊಸ ಎಂಜಿನ್‌ನ ಭಾಗಗಳು ಒಂದಕ್ಕೊಂದು ಉಜ್ಜಿ ಕೂರುವಾಗ ಲೋಹದ ಸಣ್ಣ ಪುಡಿ ಆಯಿಲ್‌ಗೆ ಸೇರುತ್ತದೆ, ಅದನ್ನು ಹೊರಗೆ ತೆಗೆಯಲೇಬೇಕು. ಸಾಮಾನ್ಯವಾಗಿ 500ರಿಂದ 1000 ಕಿಲೋಮೀಟರಿನ ಒಳಗೆ ಈ ಸರ್ವಿಸ್ ಬರುತ್ತದೆ. ಅಷ್ಟು ಓಡುವವರೆಗೆ ಇಬ್ಬರು ಕೂತು, ಮೂಟೆ ಹೇರಿಕೊಂಡು, ಎಂಜಿನ್ ಕಿರುಚುವ ಹಾಗೆ ಘಾಟಿ ಹತ್ತಿಸಬೇಡ ಎಂದು ಅಳಿಯನಿಗೆ ಹೇಳಿದೆ. ಬಿಲ್‌ಗಳನ್ನೆಲ್ಲ ಒಂದು ಕವರಿನಲ್ಲಿ ಇಡಿಸಿದೆ. ನಾಳೆ ವಾರಂಟಿ ಕೇಳುವಾಗ ಮಾತು ನಡೆಯುವುದಿಲ್ಲ, ಕಾಗದ ನಡೆಯುತ್ತದೆ.

ಎಂಜಿನ್ ಆಯಿಲ್‌ಗೆ ಪುಸ್ತಕ ನೋಡಿದರೆ ಮುಗಿಯಿತು. ಚೈನಿಗೆ ಪುಸ್ತಕದ ಜೊತೆ ದಾರಿಯನ್ನೂ ನೋಡಬೇಕು. ಎಂಜಿನ್ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ. ಈಗಿನ ಹಲವು ಬೈಕ್‌ಗಳಲ್ಲಿ ಚೈನ್ ಮಾತ್ರ ಮಳೆ, ಕೆಸರು, ಧೂಳಿಗೆ ತೆರೆದುಕೊಂಡೇ ಓಡುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚೈನಿನ ವೈರಿ ನೀರು. ತೆಳು ಲ್ಯೂಬ್ ಒಂದೇ ದಿನದಲ್ಲಿ ತೊಳೆದು ಹೋಗುತ್ತದೆ, ಚೈನ್ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಅಂಟಿಕೊಳ್ಳುವ ದಪ್ಪ ಲ್ಯೂಬ್ ಒಳ್ಳೆಯದು. ತಾಳವಾಡಿಯಲ್ಲಿ ಬೇಸಿಗೆಯ ವೈರಿ ಹೊಲದ ದಾರಿಯ ಕೆಂಪು ಧೂಳು. ಅದೇ ಅಂಟು ಲ್ಯೂಬ್ ಇಲ್ಲಿ ಧೂಳನ್ನು ಹಿಡಿದುಕೊಂಡು ಮರಳು ಕಾಗದದ ಹಾಗೆ ಚೈನನ್ನೂ ಸ್ಪ್ರಾಕೆಟನ್ನೂ ತಿನ್ನುತ್ತದೆ. ಇಲ್ಲಿಗೆ ಬೇಗ ಒಣಗುವ, ಮೇಣದಂಥ ಲ್ಯೂಬ್ ತೆಳುವಾಗಿ ಹಾಕುವುದು ಮೇಲು. ಈ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆಯೂ ಬರುತ್ತದೆ, ಆಗ ಲೆಕ್ಕ ಮತ್ತೆ ಬದಲಾಗುತ್ತದೆ.

ಅಳಿಯನ ಬೈಕಿನದು ಓ-ರಿಂಗ್ ಚೈನ್. ಕೊಂಡಿಗಳ ನಡುವೆ ಸಣ್ಣ ರಬ್ಬರ್ ಬಳೆಗಳಿದ್ದು, ಒಳಗಿನ ಗ್ರೀಸನ್ನು ಅವು ಕಾಯುತ್ತವೆ. ಪೆಟ್ರೋಲಿನಲ್ಲಿ ತೊಳೆದರೆ, ತಂತಿ ಬ್ರಷ್‌ನಿಂದ ಉಜ್ಜಿದರೆ ಆ ರಬ್ಬರ್ ಹಾಳಾಗುತ್ತದೆ. ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆ, ಮೆತ್ತನೆಯ ಬ್ರಷ್, ಒಣ ಬಟ್ಟೆ ಸಾಕು. ಲ್ಯೂಬ್ ಮೇಲೂ ಓ-ರಿಂಗ್ ಚೈನಿಗೆ ಆಗುತ್ತದೆ ಎಂದು ಬರೆದಿರಬೇಕು. ಸ್ಪ್ರೇಗೆ ದುಡ್ಡಿಲ್ಲದಿದ್ದರೆ ಗೇರ್ ಆಯಿಲ್ 90 ನಡೆಯುತ್ತದೆ, ಸ್ವಲ್ಪ ಹಾರುತ್ತದೆ, ಒರೆಸಿಕೊಳ್ಳಬೇಕು ಅಷ್ಟೇ. ನಮ್ಮ ಕಡೆ ಮಾಡಿನ ಪಕ್ಕಾಸಿಗೆ ಬಳಿಯುವ ಕರಿ ಆಯಿಲನ್ನು ಚೈನಿಗೂ ಹಚ್ಚುವ ರೂಢಿ ಇದೆ. ಅದರಲ್ಲಿ ಎಂಜಿನ್‌ನ ಲೋಹದ ಪುಡಿ ಇರುತ್ತದೆ, ಬೇಡ.

ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ, ಚೈನಿಗೆ ಲ್ಯೂಬ್ ಆಗಬೇಕು. ಸಂಜೆ ಬಂದಮೇಲೆ ಚೈನ್ ಬೆಚ್ಚಗಿರುವಾಗ ಒಳಬದಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಸರಿಯಾಗಿ ಹಿಡಿಯುತ್ತದೆ. ಟಯರಿಗೆ, ಬ್ರೇಕ್ ಡಿಸ್ಕಿಗೆ ತಾಗಬಾರದು. ಇನ್ನೊಂದು ಮಾತು, ಮಕ್ಕಳಿಗೆ ಗಟ್ಟಿಯಾಗಿ ಹೇಳಿ: ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬಾರದು. ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ. ಎಂಜಿನ್ ಬಂದ್, ನ್ಯೂಟ್ರಲ್, ಚಕ್ರ ಕೈಯಿಂದ ತಿರುಗಿಸಬೇಕು. ಚೈನಿನ ಸಡಿಲ ಎಷ್ಟು ಮಿಲಿಮೀಟರ್ ಎಂದೂ ಪುಸ್ತಕದಲ್ಲಿದೆ, ಹೆಚ್ಚು ಬಿಗಿಯೂ ಒಳ್ಳೆಯದಲ್ಲ.

ಇಷ್ಟು ಜಾಗ್ರತೆ ಯಾಕೆ ಎಂದು ಅಳಿಯ ಒಮ್ಮೆ ಕೇಳಿದ. ಹಾಸನೂರಿನ ದಾರಿ ನೆನಪು ಮಾಡಿಸಿದೆ. 2013ರಿಂದ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆ ಬದಿಯಲ್ಲೇ ಕಾಯುತ್ತವೆ. ಸಂಜೆ ಹೊತ್ತು ಚೈನ್ ಕಳಚಿದರೆ ಅಲ್ಲಿ ಬೈಕ್ ನಿಲ್ಲಿಸಿ ಕೂತು ಸರಿ ಮಾಡುವ ಹಾಗಿಲ್ಲ. ಅವನು ಮತ್ತೆ ಕೇಳಲಿಲ್ಲ.

ತೆಗೆದ ಹಳೆ ಆಯಿಲನ್ನು ನಾವು ಹಳ್ಳಕ್ಕೂ ಮಣ್ಣಿಗೂ ಚೆಲ್ಲುವುದಿಲ್ಲ, ಗ್ಯಾರೇಜಿನ ಡ್ರಮ್ಮಿಗೆ ಕೊಡುತ್ತೇವೆ. ಆ ಹಳ್ಳದ ನೀರು ಕುಡಿಯುವ ಪ್ರಾಣಿಗಳೂ ಅಲ್ಲಾಹನ ಸೃಷ್ಟಿಯೇ. ಖಾಲಿ ಡಬ್ಬಿಗೆ ತೂತು ಮಾಡಿ ಎಸೆಯುತ್ತೇವೆ, ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬಿ ಮಾರುವವರಿದ್ದಾರೆ.

ಈಗ ಹುಡುಗ ಶುಕ್ರವಾರ ಬೆಳಿಗ್ಗೆ ಬೈಕನ್ನು ನೇರ ನಿಲ್ಲಿಸಿ ಆಯಿಲ್ ಮಟ್ಟ ನೋಡುತ್ತಾನೆ, ಚೈನ್ ಒರೆಸುತ್ತಾನೆ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಕಂತು ಇನ್ನೂ ಹದಿನಾಲ್ಕು ಬಾಕಿ ಇದೆ. ಉಮ್ಮನ ಬಳೆಗಳಲ್ಲಿ ಒಂದನ್ನು ಕಳೆದ ತಿಂಗಳು ಬಿಡಿಸಿ ಕೊಟ್ಟಿದ್ದಾನೆ.