ಅವಮೌದರ್ಯವೂ ಕ್ಯಾಲೊರಿಯ ಲೆಕ್ಕವೂ

ಆಹಾರವು ಶರೀರಕ್ಕೆ ಆಧಾರ. ಶರೀರವು ಧರ್ಮಸಾಧನೆಗೆ ಆಧಾರ. ಆದುದರಿಂದಲೇ ನಮ್ಮ ಆಚಾರ್ಯರು ಆಹಾರದ ವಿಷಯವನ್ನು ಅಡುಗೆಮನೆಗೆ ಬಿಟ್ಟುಬಿಡದೆ ತಪಸ್ಸಿನ ಪ್ರಕರಣದಲ್ಲಿಯೇ ವಿವೇಚಿಸಿದರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯ ತಪಗಳಲ್ಲಿ ಮೊದಲಿನ ನಾಲ್ಕು, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ಊಟಕ್ಕೆ ಸಂಬಂಧಿಸಿದವು. ಇವುಗಳಲ್ಲಿ ಎರಡನೆಯದಾದ ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ತುಸು ಕಡಿಮೆ ಉಣ್ಣುವುದು. ಇಂದು ವೈದ್ಯರೂ ನಮ್ಮಲ್ಲಿ ಅನೇಕರಿಗೆ ಇದೇ ಮಾತನ್ನು ಹೇಳುತ್ತಿದ್ದಾರೆ. ಆದರೆ ಎಷ್ಟು ಕಡಿಮೆ? ಕಡಿಮೆಗೂ ಒಂದು ಮಿತಿಯುಂಟೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಶಾಸ್ತ್ರವೂ ಆಹಾರವಿಜ್ಞಾನವೂ ಬಹಳ ದೂರ ಜೊತೆಯಾಗಿ ನಡೆಯುವುದನ್ನು ಕಂಡೆನು. ಆ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸೊರಬ ತಾಲೂಕಿನ ನಮ್ಮ ಕ್ಯಾಸನೂರಿನ ಹೆಸರು ಲೋಕಕ್ಕೆ ತಿಳಿದುದು ಒಂದು ರೋಗದಿಂದ. 1957ರಲ್ಲಿ ಈ ಭಾಗದ ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಉಣುಗುಗಳಿಂದ ಹರಡುವ ವೈರಾಣುವೊಂದು ಪತ್ತೆಯಾಯಿತು. ವೈದ್ಯಗ್ರಂಥಗಳಲ್ಲಿ ಊರಿನ ಹೆಸರೇ ರೋಗದ ಹೆಸರಾಯಿತು. ಜನರು ಮಂಗನ ಕಾಯಿಲೆ ಎಂದರು. ಆ ಭಯ ಇಂದಿಗೂ ಪೂರ್ತಿ ತೊಲಗಿಲ್ಲ. ಆದರೆ ಈಗ ಮನೆಮನೆಯ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು. ಗದ್ದೆಗೆ ಟಿಲ್ಲರ್ ಬಂದಿತು, ಪೇಟೆಗೆ ಬೈಕು ಬಂದಿತು. ಊಟದ ಅಳತೆ ಮಾತ್ರ ಉಳುವವನದಾಗಿಯೇ ಉಳಿಯಿತು. ಕಾಡಿನಿಂದ ಬಂದ ರೋಗವು ಹೊರಗಿನದು. ತಟ್ಟೆಯಿಂದ ಬರುವ ರೋಗಕ್ಕೆ ಮದ್ದು ಸಂಯಮದಲ್ಲಿಯೂ ಇದೆ.

ಸಂಯಮವೆಂದೊಡನೆ ಇನ್ನೊಂದು ಅಪಾಯವೂ ಎದುರಾಗುತ್ತದೆ. ಕಳೆದೆರಡು ವರ್ಷಗಳ ಹಿಂದೆ ನನ್ನ ತಂಗಿಯ ಮಗಳು ದಶಲಕ್ಷಣ ಪರ್ವಕ್ಕೆ ಊರಿಗೆ ಬಂದಿದ್ದಳು. ವಯಸ್ಸು ಇಪ್ಪತ್ತೇಳು, ಎತ್ತರ 158 ಸೆಂಟಿಮೀಟರ್, ತೂಕ 64 ಕಿಲೋಗ್ರಾಂ. ಪ್ರತಿದಿನ ಏಕಾಶನ ಮಾಡುತ್ತಿದ್ದಳು. ಬಸದಿಯಲ್ಲಿ ಎಲ್ಲರೂ ಮೆಚ್ಚಿದರು. ಆದರೆ ಆಕೆ ಪರ್ವಕ್ಕೆ ಎರಡು ತಿಂಗಳ ಮೊದಲಿನಿಂದಲೂ ಮೊಬೈಲಿನಲ್ಲಿ ದೊರೆತ ಯಾವುದೋ ಪಟ್ಟಿಯಂತೆ ದಿನಕ್ಕೆ 800 ಕ್ಯಾಲೊರಿ ಮಾತ್ರ ಉಣ್ಣುತ್ತಿದ್ದಳೆಂದೂ, ಕೂದಲು ಉದುರುತ್ತಿದೆಯೆಂದೂ, ಮೆಟ್ಟಿಲೇರಿದರೆ ಕಣ್ಣು ಕತ್ತಲೆ ಬರುತ್ತದೆಂದೂ ಅವಳ ತಾಯಿಯಿಂದ ತಿಳಿಯಿತು. ನಾನು ಆಕ್ಷೇಪಿಸಿದಾಗ ಆಕೆ ಹೇಳಿದ ಮಾತು ಇದು: “ಮಾವ, ಅಜ್ಜಿ ಊಟ ಬಿಟ್ಟರೆ ವ್ರತ ಎನ್ನುತ್ತೀರಿ, ನಾನು ಬಿಟ್ಟರೆ ಹಟ ಎನ್ನುತ್ತೀರಿ. ಇಬ್ಬರೂ ಬಿಟ್ಟದ್ದು ಅನ್ನವನ್ನೇ ಅಲ್ಲವೇ?”

ಹುಡುಗಿಯ ಪ್ರಶ್ನೆ ನ್ಯಾಯವಾದುದು. ಗದರಿಸಿ ಮುಗಿಸುವಂತಹುದಲ್ಲ.

ಅನ್ನತ್ಯಾಗವು ಹೊರನೋಟಕ್ಕೆ ಒಂದೇ ಆದರೂ ಭಾವಭೇದದಿಂದ ಫಲಭೇದವುಂಟು. ನನ್ನ ತಾಯಿ ಚತುರ್ದಶಿಯಂದು ಉಪವಾಸವಿರುವುದು ಕರ್ಮನಿರ್ಜರೆಗಾಗಿ. ಮರುದಿನ ಪಾರಣೆಯಾಗುತ್ತದೆ, ಬದುಕು ಎಂದಿನಂತೆ ಸಾಗುತ್ತದೆ. ನಮ್ಮ ನೆರೆಯ ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನವು ಹತ್ತನೆಯ ಶತಮಾನದ ಆದಿಭಾಗದ ಜಕ್ಕಿಯಬ್ಬೆಯನ್ನು ಸ್ಮರಿಸುತ್ತದೆ. ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ಸಮರ್ಥವಾಗಿ ನಡೆಸಿದ ಆ ಶ್ರಾವಿಕೆಯು ವ್ಯಾಧಿಗ್ರಸ್ತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಸದಿಯಲ್ಲಿ ವ್ರತವನ್ನು ಸ್ವೀಕರಿಸಿ ದೇಹವನ್ನು ಬಿಟ್ಟಳು. ಅದು ಆಯುಷ್ಯದ ಕೊನೆಯ ಕರ್ತವ್ಯ. ಮೂವತ್ತು ನಲವತ್ತು ವರ್ಷ ದುಡಿದು ಬಾಳಬೇಕಾದ ದೇಹಕ್ಕೆ ಆ ಅಳತೆಯನ್ನು ತರುವುದು ಸಲ್ಲದು. ತೂಕ ಇಳಿಸುವುದು ಆರೋಗ್ಯದ ಕಾರ್ಯ. ಅದರಲ್ಲಿ ನಾಚಬೇಕಾದುದೇನೂ ಇಲ್ಲ. ಅದನ್ನು ಆರೋಗ್ಯದ ಕಾರ್ಯವೆಂದೇ ಕರೆಯಬೇಕು. ಲೌಕಿಕ ಫಲವನ್ನು ಬಯಸಿ ಮಾಡುವ ತಪಸ್ಸಿನಲ್ಲಿ ನಿದಾನವೆಂಬ ಶಲ್ಯವಿರುವುದಾಗಿ ಶಾಸ್ತ್ರವು ಎಚ್ಚರಿಸುತ್ತದೆ. ವ್ರತದ ಹೆಸರನ್ನು ಹೊದಿಸಿದರೆ ಮನೆಯವರು ಪ್ರಶ್ನಿಸಲಾರರು, ವೈದ್ಯರಿಗೂ ವಿಷಯ ತಿಳಿಯದು. ಅಪಾಯವು ಅಲ್ಲಿಂದಲೇ ಪ್ರಾರಂಭ.

ಇಲ್ಲಿ ನನ್ನ ಮನಸ್ಸಿಗೆ ಬಂದ ಇನ್ನೊಂದು ಸಂಗತಿಯುಂಟು. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಶ್ರಯದಲ್ಲಿರುವ ಎತ್ತಿಗೋ ಆಳಿಗೋ ಸಕಾಲದಲ್ಲಿ ಅನ್ನ ನೀರು ಕೊಡದಿರುವುದು ಕೊನೆಯ ಅತಿಚಾರ. ಶಾಸ್ತ್ರವು ಇದನ್ನು ಪರರ ವಿಷಯದಲ್ಲಿ ಹೇಳಿದೆ, ನಿಜ. ಆದರೆ ಗೃಹಸ್ಥನ ದೇಹವೂ ಅವನ ಆಶ್ರಿತನೇ ಅಲ್ಲವೇ? ಎತ್ತಿಗೆ ಮೇವು ಕಡಿಮೆ ಮಾಡಿ ಹೊರೆಯನ್ನು ಮಾತ್ರ ಹಾಗೆಯೇ ಇಡುವವನನ್ನು ನಾವು ನಿರ್ದಯನೆನ್ನುತ್ತೇವೆ. 800 ಕ್ಯಾಲೊರಿ ಉಂಡು ದಿನಕ್ಕೆ ಹತ್ತು ಗಂಟೆ ಕಚೇರಿಯ ದುಡಿಮೆಯನ್ನು ದೇಹದ ಮೇಲೆ ಹೊರಿಸುವವರಿಗೆ ಬೇರೆ ಹೆಸರು ಏಕೆ?

ಹಾಗಾದರೆ ಪ್ರಮಾಣ ಯಾವುದು? ಮೂಲಾಚಾರ, ಭಗವತೀ ಆರಾಧನೆಗಳಲ್ಲಿ ಪುರುಷನ ಪೂರ್ಣಾಹಾರ 32 ಕವಳಗಳೆಂದೂ ಸ್ತ್ರೀಯರದು 28 ಕವಳಗಳೆಂದೂ ಹೇಳಿದೆ. ಅದರಲ್ಲಿ ಒಂದೊಂದೇ ತುತ್ತನ್ನು ಕಳೆಯುತ್ತ ಹೋಗುವುದು ಅವಮೌದರ್ಯ. ಒಂದು ಕವಳಕ್ಕೆ ಸಾವಿರ ಅಕ್ಕಿಕಾಳಿನ ಅಳತೆಯನ್ನು ವ್ಯಾಖ್ಯಾನಕಾರರು ಕೊಟ್ಟಿದ್ದಾರೆ. ಕುತೂಹಲದಿಂದ ನಾನೇ ಒಂದು ಲೆಕ್ಕ ಹಾಕಿದೆನು. ಸಾವಿರ ಅಕ್ಕಿಕಾಳು ತಳಿಯನ್ನನುಸರಿಸಿ ಸುಮಾರು 15ರಿಂದ 20 ಗ್ರಾಂ ತೂಗುತ್ತದೆ. 32 ಕವಳಗಳಿಗೆ 480ರಿಂದ 640 ಗ್ರಾಂ. 100 ಗ್ರಾಂ ಅಕ್ಕಿಗೆ ಸುಮಾರು 345 ಕ್ಯಾಲೊರಿಯಂತೆ 1,650ರಿಂದ 2,200 ಕ್ಯಾಲೊರಿ. 28 ಕವಳಗಳಿಗೆ 1,450ರಿಂದ 1,930. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 2,110, 55 ಕಿಲೋ ತೂಕದ ಸ್ತ್ರೀಗೆ 1,660 ಕ್ಯಾಲೊರಿ ಸಾಕು. ಎರಡೂ ಆ ಹಳೆಯ ಅಳತೆಯ ಒಳಗೇ ಬೀಳುತ್ತವೆ. ಆಚಾರ್ಯರಿಗೆ ಕ್ಯಾಲೊರಿ ತಿಳಿದಿತ್ತೆಂದು ಇದರಿಂದ ಸಾಧಿಸುವ ಉದ್ದೇಶ ನನಗಿಲ್ಲ. ತೃಪ್ತಿಯಾಗುವ ಊಟವನ್ನು ಅವರು ಕಣ್ಣಾರೆ ಕಂಡು ಎಣಿಸಿದ್ದರು, ಅಷ್ಟೇ.

ಹೊಲದಲ್ಲಿ ಕಠಿನವಾಗಿ ದುಡಿಯುವ ಪುರುಷನಿಗೆ ಅದೇ ಸಂಸ್ಥೆಯು 3,470 ಕ್ಯಾಲೊರಿ ಹೇಳಿದೆ. ನಮ್ಮೂರಿನಲ್ಲಿ ಹಿರಿಯರ ಊಟವನ್ನೇ ಉಂಡು ಅವರ ದುಡಿಮೆಯನ್ನು ಬಿಟ್ಟವನ ಹೊಟ್ಟೆ ಏಕೆ ಬೆಳೆಯಿತೆಂಬುದಕ್ಕೆ ಈ 3,470 ಮತ್ತು 2,110ರ ಅಂತರವೇ ಉತ್ತರ.

ಈಗ ಇಳಿಸುವ ಲೆಕ್ಕ. ಮೊದಲು ಇಳಿಸುವ ಅಗತ್ಯವಿದೆಯೇ ನೋಡಬೇಕು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಭಾರತೀಯರಲ್ಲಿ 23ಕ್ಕಿಂತ ಕೆಳಗಿದ್ದರೆ ಚೆನ್ನು. 25 ದಾಟಿದರೆ ಬೊಜ್ಜು. ನನ್ನ ಸೊಸೆಯದು 25.6 ಬಂದಿತು. ಆಕೆಯ ಆಸೆ ಅನಗತ್ಯವಾಗಿರಲಿಲ್ಲ. ದಾರಿ ಮಾತ್ರ ಸರಿಯಿರಲಿಲ್ಲ. ಎರಡನೆಯದು, ದೇಹವು ದಿನಕ್ಕೆ ವ್ಯಯಿಸುವ ಶಕ್ತಿ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜ್ಯೋರ್ ಸೂತ್ರದಂತೆ ತೂಕವನ್ನು 10ರಿಂದಲೂ ಸೆಂಟಿಮೀಟರ್ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಸ್ತ್ರೀಯರಿಗಾದರೆ ಮತ್ತೆ 161 ಕಳೆಯಬೇಕು. ಪುರುಷರಿಗಾದರೆ 5 ಕೂಡಿಸಬೇಕು. ಅವಳಿಗೆ ಬಂದುದು ಸುಮಾರು 1,330. ಇದು ಮಲಗಿಯೇ ಇದ್ದರೂ ಬೇಕಾದ ಶಕ್ತಿ. ಕುಳಿತು ಮಾಡುವ ಕೆಲಸಕ್ಕೆ ಇದನ್ನು 1.4ರಿಂದ ಗುಣಿಸಿದರೆ ಸುಮಾರು 1,860. ಇದರಲ್ಲಿ ನಾಲ್ಕರಲ್ಲೊಂದು ಪಾಲನ್ನು ಕಳೆದರೆ 1,400. ಅಂದರೆ 28 ಕವಳಗಳಲ್ಲಿ 21 ಉಂಡು 7 ಬಿಟ್ಟಂತೆ. 800 ಉಣ್ಣುವುದೆಂದರೆ 16 ಕವಳಗಳನ್ನು ಬಿಟ್ಟಂತೆ. ಉಸಿರಾಟಕ್ಕೂ ಹೃದಯದ ಬಡಿತಕ್ಕೂ ಬೇಕಾದ 1,330ಕ್ಕಿಂತಲೂ ಅದು ಬಹಳ ಕೆಳಗೆ.

ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಯ ಕೊರತೆ ಬೇಕು. ದಿನಕ್ಕೆ 450 ಕಡಿಮೆಯಾದರೆ ವಾರಕ್ಕೆ ಸುಮಾರು 400 ಗ್ರಾಂ. ವಾರಕ್ಕೆ ಅರ್ಧ ಕಿಲೋ ಇಳಿಯುವುದು ಕ್ಷೇಮವೆಂದೂ, ತೂಕ ಇಳಿಸುವ ಆಹಾರವು ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆಯಾಗಬಾರದೆಂದೂ ರಾಷ್ಟ್ರೀಯ ಪೋಷಣ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆ ಸಾವಿರವು ದಾಟಬಾರದ ಗೆರೆ; ತಲುಪಬೇಕಾದ ಗುರಿಯಲ್ಲ. ಸೂತ್ರವು ಕೊಡುವುದು ಅಂದಾಜು ಮಾತ್ರ. ದೇಹವು ಹಗುರಾದಂತೆ ವ್ಯಯವೂ ಕುಗ್ಗುತ್ತದೆ. ಆದುದರಿಂದ ಮೂರು ನಾಲ್ಕು ವಾರ ತೂಕವನ್ನು ಗಮನಿಸಿ, ಇಳಿಯದಿದ್ದರೆ ನೂರು ಕ್ಯಾಲೊರಿ ತಗ್ಗಿಸುವುದು, ವೇಗವಾಗಿ ಇಳಿದರೆ ನೂರು ಏರಿಸುವುದು ವಿವೇಕ. ತಂಗಿಯ ಮಗಳು 1,400ಕ್ಕೆ ಒಪ್ಪಿದಳು. ಐದು ತಿಂಗಳಲ್ಲಿ ಐದು ಕಿಲೋ ಇಳಿದಳು. ಕಣ್ಣು ಕತ್ತಲೆ ಬರುವುದು ಮೊದಲ ತಿಂಗಳಲ್ಲಿಯೇ ನಿಂತಿತು.

ಅತಿಯಾದ ಕೊರತೆಯು ಮನಸ್ಸನ್ನು ಏನು ಮಾಡುತ್ತದೆಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಆತ್ಮಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಪ್ಪದ 36 ಯುವಕರು 1944–45ರಲ್ಲಿ ಮಿನೆಸೊಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಪ್ರಯೋಗಕ್ಕೆ ತಮ್ಮ ದೇಹಗಳನ್ನೊಪ್ಪಿಸಿದರು. ಕೊಲ್ಲಲಾರೆವೆಂದವರು, ಹಸಿದ ಲೋಕಕ್ಕೆ ಉಪಕಾರವಾಗಲೆಂದು ತಾವು ಹಸಿದರು. 24 ವಾರ ದಿನಕ್ಕೆ ಸರಾಸರಿ ಸುಮಾರು 1,570 ಕ್ಯಾಲೊರಿ ಉಂಡು, ಪ್ರತಿ ವಾರ ಮೈಲಿಗಟ್ಟಲೆ ನಡೆದು, ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಅವರು ಮೊದಲೇ ತೆಳ್ಳಗಿದ್ದ ತರುಣರು; ಬೊಜ್ಜಿರುವವರಿಗೆ ಅವರ ಸ್ಥಿತಿ ಪೂರ್ತಿ ಅನ್ವಯಿಸದು. ಆದರೂ ನಾವು ಗಮನಿಸಬೇಕಾದುದು ಅವರ ಮನಸ್ಸನ್ನು. ಅವರು ಹಗಲಿರುಳು ಅನ್ನವನ್ನೇ ಚಿಂತಿಸಿದರು, ಅಡುಗೆಯ ಪುಸ್ತಕಗಳನ್ನು ಓದಿದರು, ಸಿಡುಕಿದರು, ಕುಗ್ಗಿದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವಮೌದರ್ಯದ ಪ್ರಯೋಜನವಾಗಿ ಸಂಯಮದಲ್ಲಿ ಎಚ್ಚರ, ದೋಷಶಮನ, ಸಂತೋಷ, ಸ್ವಾಧ್ಯಾಯಸುಖಗಳನ್ನು ಹೇಳಿದ್ದಾರೆ. ಊಟ ಕಡಿಮೆ ಮಾಡಿದ ಮೇಲೆ ಸ್ವಾಧ್ಯಾಯದಲ್ಲಿ ಮನಸ್ಸು ನಿಲ್ಲುವ ಬದಲು ತಿಂಡಿಯಲ್ಲಿಯೇ ನಿಂತಿದ್ದರೆ ಅಳತೆ ತಪ್ಪಿದೆಯೆಂದು ತಿಳಿಯಬೇಕು. ಯಾವ ತಕ್ಕಡಿಯೂ ಇದಕ್ಕಿಂತ ಸರಿಯಾಗಿ ತೂಗಲಾರದು.

ಈ ಕಾರಣದಿಂದ ಕ್ಯಾಲೊರಿಯ ಗುರಿಯನ್ನು ಶ್ರಾವಕನು ಪರಿಮಾಣವ್ರತದಂತೆ ಆರಿಸಿಕೊಳ್ಳುವುದು ಉಚಿತ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ಮಾತು ಸೇರಿದೆ. ಶಕ್ತಿಯನ್ನು ಬಚ್ಚಿಡಲೂಬಾರದು, ಮೀರಲೂಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಕಾಲಮಿತಿಯುಳ್ಳ ನಿಯಮವೆಂದೂ ಬದುಕಿರುವವರೆಗಿನ ಯಮವೆಂದೂ ಎರಡಾಗಿ ವಿಂಗಡಿಸಿದ್ದಾರೆ. 1,400 ಕ್ಯಾಲೊರಿ ಕೆಲವು ತಿಂಗಳುಗಳ ನಿಯಮವಾಗಲಿ. ತೂಕ ಇಳಿದ ಮೇಲೆ ಉಣ್ಣಬೇಕಾದ 1,700 ಯಮವಾಗಲಿ. ನಿಯಮವನ್ನು ಮುಗಿಸಿ ಯಮವನ್ನು ಮರೆತವರ ತೂಕ ಮರಳಿ ಬರುವುದು ಸಾಮಾನ್ಯ.

ಆಚರಣೆಗೆ ನಮ್ಮ ಅಡುಗೆಮನೆಯಲ್ಲಿಯೇ ದಾರಿಯಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ರಸಪರಿತ್ಯಾಗ. ಒಂದು ಚಮಚ ತುಪ್ಪ 45 ಕ್ಯಾಲೊರಿ, ಒಂದು ಚಮಚ ಸಕ್ಕರೆ 20. ದಿನದಲ್ಲಿ ನಾಲ್ಕು ಚಮಚ ತುಪ್ಪ ಎಣ್ಣೆ, ಆರು ಚಮಚ ಸಕ್ಕರೆ ಬಿಟ್ಟವನಿಗೆ ಅನ್ನವನ್ನು ಮುಟ್ಟದೆಯೇ 300 ಕಳೆಯುತ್ತದೆ. ಉಳಿದುದನ್ನು ಎರಡನೆಯ ಸಲದ ಅನ್ನದಲ್ಲಿ ಕಳೆಯಬಹುದು. ಹೆಸರುಕಾಳು, ಹುರುಳಿಕಾಳು, ತೊಗರಿಬೇಳೆಗಳನ್ನು ಮಾತ್ರ ಕಡಿಮೆ ಮಾಡಬಾರದು. ಸಸಾರಜನಕ ಸಾಲದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ದ್ವಿದಳದ ನಿಯಮ ಪಾಲಿಸುವವರು ಬೇಳೆಯನ್ನೂ ಮಜ್ಜಿಗೆಯನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರಾಯಿತು. ಸೂರ್ಯಾಸ್ತದ ಮೊದಲು ಊಟ ಮುಗಿಸುವುದರಿಂದ ಕ್ಯಾಲೊರಿಗಳು ಮಾಯವಾಗುವುದಿಲ್ಲ. ಆದರೆ ರಾತ್ರಿಯ ಕುರುಕುಲು ತಿಂಡಿ ತಾನಾಗಿ ನಿಲ್ಲುತ್ತದೆ. ಗರ್ಭಿಣಿಯರು, ಮೊಲೆಯೂಡುವ ತಾಯಂದಿರು, ಬೆಳೆಯುವ ಮಕ್ಕಳು, ದುರ್ಬಲರಾದ ವೃದ್ಧರು ಈ ಲೆಕ್ಕಕ್ಕೆ ಹೋಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಂದು ತುತ್ತನ್ನೂ ಕಡಿಮೆ ಮಾಡಬಾರದು.

ಕಡೆಯದಾಗಿ ಒಂದು ಮಾತು. ಮುನಿಗಳ ಆಹಾರದೋಷಗಳಲ್ಲಿ ಅಂಗಾರ ಮತ್ತು ಧೂಮ ಎಂಬ ಎರಡುಂಟು. ಲಂಪಟತನದಿಂದ ಉಣ್ಣುವುದು ಅಂಗಾರ. ಅನ್ನವನ್ನು ನಿಂದಿಸುತ್ತ, ಜುಗುಪ್ಸೆಯಿಂದ ಉಣ್ಣುವುದು ಧೂಮ. ಹಿಂದೆ ನಮ್ಮನ್ನು ಅಂಗಾರವು ಸುಟ್ಟಿತು. ಇಂದಿನ ಮಕ್ಕಳನ್ನು ಧೂಮವು ಕವಿಯುತ್ತಿದೆ. ಪ್ರತಿ ತುತ್ತನ್ನೂ ಶತ್ರುವಿನಂತೆ ಎಣಿಸುವವರಿಗೆ ಅಂಕಿ ತಿಳಿದಿದೆ, ಸಮತೆ ತಿಳಿದಿಲ್ಲ. ಎಣಿಕೆ ಇರಲಿ, ಅದರೊಡನೆ ದೇಹವೆಂಬ ಆಶ್ರಿತನ ಮೇಲೆ ಕರುಣೆಯೂ ಇರಲಿ. ಮನೆಯಲ್ಲಿ ಯಾರಾದರೂ ಊಟ ಬಿಡುತ್ತಿದ್ದರೆ ಹೊಗಳುವುದಕ್ಕೂ ಗದರಿಸುವುದಕ್ಕೂ ಮೊದಲು ಹಿರಿಯರು ಒಂದು ಮಾತು ಕೇಳಲಿ: ಏತಕ್ಕಾಗಿ, ಎಷ್ಟು, ಎಲ್ಲಿಯವರೆಗೆ? ಈ ಮೂರಕ್ಕೂ ನೆಮ್ಮದಿಯ ಉತ್ತರ ದೊರೆತರೆ ಆ ಮಿತಾಹಾರವು ಆರೋಗ್ಯಕ್ಕೂ ಧರ್ಮಕ್ಕೂ ಒಪ್ಪುವಂತಹುದು.